ಜಯಪತ್ರ ಮತ್ತು ಒಪ್ಪಂದ: ಮತಾವೇಶದ ಮುಂದೆ ಇಬ್ಬರು ಅರಸರು

ಸಭಿಕರೇ,

ಸಾರ್ವಜನಿಕ ಬದುಕಿನಲ್ಲಿ ಮತಾವೇಶದ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂದು ನೀವು ಕೇಳಿದಾಗ, ದೂರದ ದೇಶಗಳ ಧರ್ಮಯುದ್ಧಗಳ ಬದಲು ನಮ್ಮದೇ ನೆಲದ ಕಲ್ಲುಗಳನ್ನು ಓದೋಣವೆನ್ನಿಸಿತು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಿಂದ ಆರಂಭಿಸುತ್ತೇನೆ. ಇಲ್ಲಿ ಶಾಸನಗಳನ್ನು ಅಭ್ಯಾಸ ಮಾಡುವ ಯುವಕರು ಅನೇಕರಿದ್ದೀರಿ. ಕಥೆ ನಿಮಗೆ ಗೊತ್ತು. ಆದರೂ ಅದರ ಒಂದೊಂದು ಹೆಜ್ಜೆಯನ್ನೂ ನಿಧಾನವಾಗಿ ನೋಡಬೇಕಾಗಿದೆ.

ಆಳಂದೆಯಲ್ಲಿ ಹುಟ್ಟಿದ ಏಕಾಂತದ ರಾಮಯ್ಯ, ಪುಲಿಗೆರೆಯ ಸೋಮನಾಥನ ಭಕ್ತ, ಅಬ್ಬಲೂರಿಗೆ ಬರುತ್ತಾನೆ. ಅಲ್ಲಿ ಸಂಕಗಾವುಂಡನೂ ಇತರ ಜೈನರೂ ಶಿವಾಲಯದ ಹತ್ತಿರವೇ ನಿಂತು ಜಿನನೇ ದೇವರೆಂದು ಸಾರುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ. ತನ್ನ ತಲೆಯನ್ನು ಕಡಿದು ಶಿವನಿಗೆ ಅರ್ಪಿಸಿ ಮತ್ತೆ ಪಡೆಯುತ್ತೇನೆ, ಪಡೆದರೆ ನೀವು ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಿಸಬೇಕು ಎಂದು ರಾಮಯ್ಯ ಪಣ ಒಡ್ಡುತ್ತಾನೆ. ಪಣವನ್ನು ಓಲೆಯಲ್ಲಿ ಬರೆಯಿಸಿಕೊಳ್ಳುತ್ತಾನೆ. ಏಳು ದಿನಗಳ ಮೇಲೆ ತಲೆ ಗಾಯದ ಗುರುತೂ ಇಲ್ಲದಂತೆ ಮರಳಿ ಕೂಡಿತೆಂದು ಶಾಸನ ಹೇಳುತ್ತದೆ. ಜೈನರು ಮಾತಿಗೆ ಒಪ್ಪಲಿಲ್ಲ. ರಾಮಯ್ಯ ಜಿನಬಿಂಬವನ್ನು ಒಡೆದು ಹಾಕಿದ. ಸೋಮೇಶ್ವರ ದೇವಾಲಯದಲ್ಲಿ ಈ ಪ್ರಸಂಗಗಳ ಶಿಲ್ಪಗಳೂ ಅವುಗಳ ಜೊತೆಗೆ ಸಣ್ಣ ಬರಹಗಳೂ ಇವೆ.

ಪವಾಡ ನಡೆಯಿತೇ ಇಲ್ಲವೇ ಎಂಬುದು ಇಂದಿನ ಪ್ರಶ್ನೆಯಲ್ಲ. ಇದು ಗೆದ್ದವರು ಬರೆಸಿದ ಶಾಸನ. ಸೋತವರ ಮಾತು ನಮಗೆ ಗೆದ್ದವರ ಬಾಯಿಂದಲೇ ತಲುಪಬೇಕಾಗಿದೆ. ನನ್ನನ್ನು ತಡೆದು ನಿಲ್ಲಿಸುವುದು ಮುಂದಿನ ಘಟನೆ. ಜೈನರು ಹನ್ನೆರಡನೆಯ ಶತಮಾನದ ಕಲಚುರಿ ಅರಸ ಬಿಜ್ಜಳನಲ್ಲಿಗೆ ಹೋಗಿ ದೂರು ಕೊಟ್ಟರು. ರಾಮಯ್ಯ ಅಲ್ಲಿಯೂ ಓಲೆಯನ್ನು ತೋರಿಸಿ, ಇನ್ನೊಮ್ಮೆ ತಲೆ ಕಡಿದುಕೊಳ್ಳಲು ಸಿದ್ಧನೆಂದೂ, ಈ ಸಲ ಅವರು ತಮ್ಮ ಬಸದಿಗಳನ್ನೆಲ್ಲ ಪಣಕ್ಕೆ ಇಡಬೇಕೆಂದೂ ಹೇಳಿದ. ಜೈನರು ಹಿಂಜರಿದರು. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ. ದೇವಾಲಯಕ್ಕೆ ಗ್ರಾಮವೊಂದನ್ನು ದತ್ತಿ ಬಿಟ್ಟ. ದೂರು ಬಂದದ್ದು ಒಡೆದುಹೋದ ಬಿಂಬವನ್ನು ಕುರಿತು. ತೀರ್ಪು ಹೊರಟದ್ದು ಯಾವ ದೇವರು ಗೆದ್ದನೆಂಬುದನ್ನು ಕುರಿತು. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ಅದೇ ದೇವಾಲಯಕ್ಕೆ ದತ್ತಿ ಕೊಟ್ಟರು. ಒಬ್ಬ ಭಕ್ತನ ಹಠ ಹೀಗೆ ಮೂರು ಅರಸುಮನೆಗಳ ಮುದ್ರೆ ಪಡೆಯಿತು. ಭಕ್ತನ ಆವೇಶಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಮುದ್ರೆ.

ಈಗ ಸುಮಾರು ಇನ್ನೂರು ವರ್ಷ ಮುಂದೆ ಬರೋಣ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಗಳ ಜೈನರು, ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿದರು. ವಿವಾದ ಮೋಕ್ಷದ ದಾರಿಯದಲ್ಲ. ಪಂಚಮಹಾವಾದ್ಯ ಮತ್ತು ಕಳಶದ ಹಕ್ಕಿನದು, ಅಂದರೆ ಊರೆಲ್ಲ ನೋಡುವ ಗೌರವದ್ದು. ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ. ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ತತ್ತ್ವದ ಮಾತಾಗಿ ಇದನ್ನು ಎರಡೂ ಕಡೆಯ ಪಂಡಿತರು ಒಪ್ಪಲಾರರು. ಹಕ್ಕಿನ ಮಾತಾಗಿ ಅದಕ್ಕಿಂತ ಸ್ಪಷ್ಟವಾದದ್ದನ್ನು ನಾನು ಓದಿಲ್ಲ. ಹಿಂದಿನ ಮರ್ಯಾದೆಯಂತೆ ವಾದ್ಯವೂ ಕಳಶವೂ ಜೈನರಿಗೆ ಸಲ್ಲಬೇಕು; ಭಕ್ತರ ದೆಸೆಯಿಂದ ಜೈನರಿಗೆ ಆದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ತಿಳಿಯಬೇಕು.

ಶ್ರವಣಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರನ್ನು ನೇಮಿಸುವುದಕ್ಕೆ ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಡಬೇಕೆಂದೂ, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸಬೇಕೆಂದೂ ಗೊತ್ತಾಯಿತು. ನೊಂದವರೇ ತಮ್ಮ ರಕ್ಷಣೆಗೆ ಹಣ ತೆರಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಹಣವನ್ನು ಕೂಡಿಸಿ ಕಾವಲಿಡುವ ಹೊಣೆ ಬಿದ್ದದ್ದು ಶ್ರೀವೈಷ್ಣವನಾದ ತಿರುಮಲೆಯ ತಾತಯ್ಯನ ಮೇಲೆ. ಹಾನಿ ಯಾವ ಕಡೆಯಿಂದ ಬಂದಿತ್ತೋ ಕಾವಲೂ ಆ ಕಡೆಯಿಂದಲೇ ಬರಬೇಕಾಯಿತು.

ಈ ಒಪ್ಪಂದದ ಶಾಸನ ಆರಂಭವಾಗುವುದು ಪಾಷಂಡರೆಂಬ, ಅಂದರೆ ಪರಮತದವರೆಂಬ, ಸಾಗರವನ್ನು ಸುಡುವ ಬಡಬಾಗ್ನಿಯಾದ ರಾಮಾನುಜರ ಸ್ತುತಿಯಿಂದ ಎಂಬುದನ್ನೂ ಮರೆಯಬಾರದು. ಜೈನರನ್ನು ಕಾಯುವ ಒಪ್ಪಂದದ ತಲೆಯ ಮೇಲೆಯೇ ಆ ಶ್ಲೋಕವಿದೆ. ಯಾರೂ ತಮ್ಮ ನಂಬಿಕೆಯ ಕಾವನ್ನು ಬಿಟ್ಟುಕೊಡಲಿಲ್ಲ, ಬಿಡಬೇಕೆಂದು ಅರಸನೂ ಕೇಳಲಿಲ್ಲ. ಅವನು ಕೇಳಿದ್ದು ದೂರನ್ನು ಮಾತ್ರ. ಬಿಜ್ಜಳನ ಮುಂದೆಯೂ ಇದ್ದದ್ದು ದೂರೇ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಉಳಿದ ಎರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಬುಕ್ಕರಾಯನ ಒಪ್ಪಂದ ಎಲ್ಲರನ್ನೂ ಕಾಯಲಿಲ್ಲ. 1512ರ ಶ್ರೀಶೈಲದ ಶಾಸನವೊಂದರಲ್ಲಿ ವೀರಶೈವ ನಾಯಕನೊಬ್ಬನು ಶ್ವೇತಾಂಬರ ಜೈನರ ತಲೆ ಕಡಿದದ್ದು ಅವನ ಪುಣ್ಯಕಾರ್ಯಗಳ ನಡುವೆ ಸೇರಿದೆ. 1638ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ವೀರಶೈವನಾದ ಹುಚ್ಚಪ್ಪದೇವನು ಲಿಂಗಮುದ್ರೆ ಒತ್ತಿದ, ಜೈನನಾದ ವಿಜಯಪ್ಪನು ಅದನ್ನು ಅಳಿಸಿದ. ಎರಡೂ ಕಡೆಯ ಹಿರಿಯರು ಕೂಡಿ ರಾಜಿ ಮಾಡಿಕೊಂಡು ಅದನ್ನು ಕಲ್ಲಿನಲ್ಲಿ ಬರೆಯಿಸಿದರು: ಜೈನರು ಮೊದಲು ವಿಭೂತಿ ವೀಳ್ಯ ಸಲ್ಲಿಸಬೇಕು, ಆಮೇಲೆ ತಮ್ಮ ಬಸದಿಯಲ್ಲಿ ತಮ್ಮ ಪೂಜೆ ನಡೆಸಿಕೊಳ್ಳಬಹುದು. ರಕ್ತ ಹರಿಯಲಿಲ್ಲವೆಂಬ ಕಾರಣಕ್ಕೆ ಇದನ್ನು ಸೌಹಾರ್ದವೆಂದು ಹೊಗಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಳಗೊಳದಲ್ಲಿ ಜೈನರು ತಮ್ಮ ವಾದ್ಯವನ್ನು ನುಡಿಸಲು ಯಾವ ದೇವರಿಗೂ ಮೊದಲು ವೀಳ್ಯ ಕೊಡಬೇಕಾಗಿರಲಿಲ್ಲ.