ಕೆಲಸ ಬಿಟ್ಟವರು ಕಟ್ಟಿದ ಊರುಗಳು

ಕೇಳುಗರಿಗೆ ನಮಸ್ಕಾರ.

ನವೋದ್ಯಮ ಎಂದೊಡನೆ ನಮ್ಮ ಜಿಲ್ಲೆಯವರ ಕಣ್ಣು ರಾತ್ರಿ ಬಸ್ಸಿನ ಬೋರ್ಡಿನತ್ತ ಹೋಗುತ್ತದೆ: ಬೆಂಗಳೂರು. ಇಂದು ನಾನು ಇನ್ನೊಂದು ಊರಿನ ಮಾತೆತ್ತುತ್ತೇನೆ. ಬಾಲ್ಟಿಕ್ ಕಡಲ ದಂಡೆಯ ತಾಲಿನ್, ಎಸ್ಟೋನಿಯಾದ ರಾಜಧಾನಿ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14 ಲಕ್ಷ ಮೀರಿದೆ. ಇಡೀ ಎಸ್ಟೋನಿಯಾ ದೇಶದ್ದು ಅಷ್ಟೂ ಇಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ಈ ಪುಟ್ಟ ದೇಶ, 1996ರಲ್ಲೇ ಶಾಲೆಗಳಿಗೆ ಕಂಪ್ಯೂಟರು, ಇಂಟರ್ನೆಟ್ ಮುಟ್ಟಿಸುವ ಯೋಜನೆ ಹಾಕಿತು. 2003ರಲ್ಲಿ, ಇಂಟರ್ನೆಟ್ ಮೂಲಕ ಕರೆ ಮಾಡಿ ಮಾತಾಡುವ ಸ್ಕೈಪ್ ಬಂತು. ಸ್ಥಾಪಕರು ಸ್ವೀಡನ್, ಡೆನ್ಮಾರ್ಕಿನವರು; ತಂತ್ರಾಂಶ ಬರೆದವರು ಎಸ್ಟೋನಿಯಾದವರು. 2005ರಲ್ಲಿ ಅಮೆರಿಕದ ಇಬೇ ಕಂಪನಿ ಅದನ್ನು ಸುಮಾರು 260 ಕೋಟಿ ಡಾಲರಿಗೆ ಕೊಂಡಿತು.

ತಿರುಳು ಇರುವುದು ಆಮೇಲಿನ ಕಥೆಯಲ್ಲಿ. ಸ್ಕೈಪ್‌ನಲ್ಲಿ ಪಳಗಿದವರು ಹೊರಬಿದ್ದು ಹೊಸ ಕಂಪನಿ ಕಟ್ಟಿದರು, ಕಿರಿಯರ ಕಂಪನಿಗಳಿಗೆ ಹಣ ಹಾಕಿದರು. ವಿದೇಶಕ್ಕೆ ಹಣ ಕಳಿಸುವ ವೈಸ್ ಕಂಪನಿಯ ಸ್ಥಾಪಕರಲ್ಲೊಬ್ಬರು ಸ್ಕೈಪ್‌ನ ಮೊದಲ ನೌಕರ. ಸ್ಕೈಪ್ 2025ರಲ್ಲಿ ಮುಚ್ಚಿತು. ಅಲ್ಲಿಂದ ಹೊರಟವರ ಸಂತತಿ ಉಳಿಯಿತು. ಬೆಂಗಳೂರಿನದೂ ಇದೇ ಜಾಡು. ಅಮೆಜಾನ್ ಬಿಟ್ಟ ಇಬ್ಬರು 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದರು. ಫ್ಲಿಪ್‌ಕಾರ್ಟ್ ಬಿಟ್ಟವರು 2015ರಲ್ಲಿ ಫೋನ್‌ಪೇ ಕಟ್ಟಿದರು. ಕೆಲಸ ಬಿಟ್ಟವನು ಅದೇ ಬಗೆಯ ವ್ಯವಹಾರಕ್ಕೆ ಇಳಿಯಬಾರದೆಂದು ಕಟ್ಟಿಹಾಕುವ ಕರಾರಿಗೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಅಲ್ಲಿನ ಕಂಪ್ಯೂಟರ್ ಕಂಪನಿಗಳ ನೆಲೆಯಾದ ಸಿಲಿಕಾನ್ ಕಣಿವೆ ಬೆಳೆಯಲು ಅದೂ ಒಂದು ಕಾರಣವೆನ್ನುವವರಿದ್ದಾರೆ. ನಮ್ಮ 1872ರ ಕರಾರು ಕಾಯ್ದೆಯ 27ನೇ ಕಲಮು ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ಊರೊಂದು ಪೇಟೆಯಾಗುವ ಬಗೆಯನ್ನು ಶಿರಸಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಅಡಿಕೆಯನ್ನು ನೋಡನೋಡುತ್ತಲೇ ಬೇರ್ಪಡಿಸುವ ಕೈಗಳು, ಟೆಂಡರು ಬರೆಯುವ ಖರೀದಿದಾರರು, ಮುಂಗಡ ಕೊಡುವ ಸಹಕಾರಿ ಸಂಘ, ಎಲ್ಲವೂ ಅಲ್ಲಿ ಕೂಗಳತೆಯಲ್ಲಿ ಸಿಗುತ್ತವೆ. ಒಬ್ಬನ ದರ ಹಿಡಿಸದಿದ್ದರೆ ಇನ್ನೊಬ್ಬ ಅಲ್ಲೇ ಇದ್ದಾನೆ. ದೊಡ್ಡ ಕಟ್ಟಡಗಳು ಎದ್ದದ್ದು ವ್ಯಾಪಾರದ ಬೆನ್ನಿಗೆ.

ಹಾಗಾಗಿ ಕಾರವಾರಕ್ಕೆ ಮೊದಲು ಐಟಿ ಪಾರ್ಕು ಬರಲಿ ಎಂಬ ಕೂಗು ನನಗೆ ತಲೆಕೆಳಗಾಗಿ ಕಾಣುತ್ತದೆ. ತೋಟದ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನ ಕಂಪನಿಗೆ ದುಡಿಯುವವರು ಈಗಲೇ ನಮ್ಮಲ್ಲಿದ್ದಾರೆ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವವರೆಗೆ! ಆದರೆ ಪಕ್ಕದ ಕೇರಿಯಲ್ಲಿ ಅದೇ ಕೆಲಸ ಮಾಡುವವರ ಪರಿಚಯ ಅವರಿಗಿಲ್ಲ. ವಾರಕ್ಕೊಮ್ಮೆ ಕೂಡಲು ಒಂದು ಕೋಣೆ ಕೊಟ್ಟರೆ ಅಷ್ಟು ಆದೀತು.

ಕಷ್ಟದ್ದು ಬೇರೆಯೇ ಇದೆ. ಬೆಂಗಳೂರಿನಲ್ಲಿ ಕಂಪನಿ ಮುಚ್ಚಿದವನಿಗೆ ಆ ಅನುಭವದ ಮೇಲೆಯೇ ಇನ್ನೊಂದು ಕಡೆ ಕೆಲಸ ಸಿಗುವುದುಂಟು. ನಮ್ಮಲ್ಲಿ ಆ ಸುದ್ದಿಯನ್ನು ಮದುವೆಮನೆಯ ಪಂಕ್ತಿಯಲ್ಲಿ ಪಾಯಸಕ್ಕೆ ಮೊದಲೇ ಬಡಿಸಿರುತ್ತಾರೆ. ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಅಂಥವನ ಎರಡನೆಯ ಪ್ರಯತ್ನಕ್ಕೆ ಊರಿನ ಸಹಕಾರಿ ಸಂಘ ಸಾಲ ಕೊಟ್ಟೀತೇ? ಮುಂದಿನ ವಾರ್ಷಿಕ ಸಭೆಯಲ್ಲಿ ಷೇರುದಾರರೊಬ್ಬರು ಎದ್ದುನಿಂತು ಇದನ್ನು ಕೇಳಲಿ ಎಂದು ನನ್ನ ಆಸೆ. ನಮಸ್ಕಾರ.