ಗುಳಿಗಿ ಯಾರಿಗೆ ಕೊಟ್ಟಿದ್ರು, ಯಾಕ ಕೊಟ್ಟಿದ್ರು
(ಬೆಳಗಾವಿಯೊಳಗ ಫಾರ್ಮಸಿ ವಿದ್ಯಾರ್ಥಿಗಳು ಮತ್ತ ಆಶಾ ಕಾರ್ಯಕರ್ತೆಯರ ಮುಂದ ಮಾಡಿದ ಉಪನ್ಯಾಸ)

ಎಲ್ಲಾರಿಗೂ ನಮಸ್ಕಾರ್ರಿ. ಮುಂದ ಫಾರ್ಮಸಿ ಹುಡುಗ್ರು ಕುಂತೀರಿ, ಹಿಂದ ನಮ್ಮ ಆಶಾ ಅಕ್ಕಾರು, ನರ್ಸಬಾಯಾರು ಅದಾರ, ಹಿಂಗಾಗಿ ಸ್ಲೈಡ್ ಗೀಡ್ ಬ್ಯಾಡ, ಹಂಗ ಮಾತಾಡೂಣು. ಇವತ್ತ ಹರ್ಶೆಲ್ ಜಿಕ್ ಅನ್ನೋ ಅಮೆರಿಕಾದ ಸಂಶೋಧಕರ ಕೆಲಸದ ಬಗ್ಗೆ ಹೇಳ್ತೀನಿ. ಔಷಧ ತಗೊಂಡವರಿಗೆ ಮುಂದ ಯಾವ ಜಡ್ಡು ಬರ್ತೈತಿ, ಯಾವ ಜಡ್ಡು ತಪ್ಪತೈತಿ ಅಂತ ಲೆಕ್ಕ ಹಾಕೋದ ಅವರ ಜೀವನದ ಕೆಲಸ. ನಾನೂ ಅದೇ ದಾರಿಯಾಗ ನಡದಾಂವ, ಅದಕ್ಕ ಈ ವಿಷಯ ಅಂದ್ರ ನನಗ ಜೀವ.

1966ರಾಗ ಬಾಸ್ಟನ್‌ದಾಗ ಜಿಕ್ ಮತ್ತ ಡೆನಿಸ್ ಸ್ಲೋನ್ ಅನ್ನೋರು ಸೇರಿ ದವಾಖಾನಿ ವಾರ್ಡಿನ್ಯಾಗ ನರ್ಸ್‌ಗಳನ್ನ ಕುಂದ್ರಿಸಿದ್ರು, ಇಂಜೆಕ್ಷನ್ ಮಾಡಾಕಲ್ಲ, ಬರಿಯಾಕ. ಈ ಪೇಶಂಟಿಗೆ ಯಾವ ಔಷಧ, ಎಷ್ಟ ಡೋಸ್, ಯಾಕ ಕೊಟ್ರು, ಕೊಟ್ಟ ಮ್ಯಾಲ ಏನಾತು, ಎಲ್ಲಾ ಬರೀಬೇಕು. ಆಗ ಥಾಲಿಡೊಮೈಡ್ ದುರಂತ ಆಗಿ ಭಾಳ ವರ್ಷ ಆಗಿದ್ದಿಲ್ಲ. ಬಸರಿ ಹೆಣ್ಮಕ್ಕಳು ವಾಂತಿ ನಿಲ್ಲಾಕ ತಗೊಂಡ ಗುಳಿಗಿಯಿಂದ ಸಾವಿರಾರು ಕೂಸು ಕೈಕಾಲು ಸರಿ ಬೆಳೀದಂಗ ಹುಟ್ಟಿದ್ವು, 1961ರಾಗ ಜರ್ಮನಿಯಾಗ ಅದನ್ನ ವಾಪಸ್ ತಗೊಂಡ್ರು. ಅಲ್ಲೀ ತನಕ ಒಬ್ಬೊಬ್ಬ ಡಾಕ್ಟರಿಗೆ ತಮ್ಮ ಪೇಶಂಟ್ ಎಷ್ಟು ನೆನಪಿದ್ರೋ ಅಷ್ಟ ಗೊತ್ತು, ಎಲ್ಲಾ ಕೂಡಿಸಿ ನೋಡೋ ಪದ್ಧತಿನ ಇರ್ಲಿಲ್ಲ.

1974ರಾಗ ಇದೇ ಬಾಸ್ಟನ್ ತಂಡ ಒಂದು ಸಂಗತಿ ಬರೀತು. ಹಾರ್ಟ್ ಅಟ್ಯಾಕ್ ಆಗಿ ದವಾಖಾನಿಗೆ ಬಂದವರೊಳಗ ದಿನಾ ಆಸ್ಪಿರಿನ್ ತಗೊಳ್ಳೋರು ಕಡಿಮಿ, ಬ್ಯಾರೆ ಜಡ್ಡಿಗೆ ಬಂದವರೊಳಗ ಜಾಸ್ತಿ. ಹಂಗಾದ್ರ ಆಸ್ಪಿರಿನ್ ಹಾರ್ಟಿಗೆ ಛಲೋ ಅಂತ ಅವತ್ತ ಡಂಗುರ ಸಾರಬಹುದಿತ್ತು, ಆದ್ರ ತಗೊಳ್ಳೋರು ಯಾರು ಅಂತ ನೋಡ್ರಿ, ಸಂದು ನೋವಿನವರು, ತಲಿನೋವಿನವರು, ಅವರ ಊಟ ಬ್ಯಾರೆ, ನಡದಾಟ ಬ್ಯಾರೆ, ಫರಕು ಗುಳಿಗಿದೋ ಆ ಮನಷಾರದೋ ಹೆಂಗ ಹೇಳ್ತೀರಿ? ಗೊತ್ತಾಗಬೇಕಂದ್ರ ಚೀಟಿ ಎತ್ತಿದಂಗ ಅರ್ಧಾ ಮಂದಿಗೆ ಔಷಧ, ಅರ್ಧಾ ಮಂದಿಗೆ ಹಂಗ ಕಾಣೋ ಖಾಲಿ ಗುಳಿಗಿ ಕೊಟ್ಟು ನೋಡಬೇಕು. 1988ರಾಗ ಐಸಿಸ್-2 ಅನ್ನೋ ಟ್ರಯಲ್ ಬಂತು, 17,187 ಪೇಶಂಟ್‌ಗಳು. ಅಟ್ಯಾಕ್ ಆದ ಕೂಡ್ಲೆ ಆಸ್ಪಿರಿನ್ ಸುರು ಮಾಡಿದ್ರ ಐದು ವಾರದಾಗ ಹಾರ್ಟ್, ರಕ್ತನಾಳದ ಸಾವು ಹೆಚ್ಚೂಕಡಿಮಿ 23 ಪರ್ಸೆಂಟ್ ಇಳೀತು. ಆ ಸುಳಿವು ಖರೇ ಆತು.

ಇನ್ನೊಂದು ಸುಳಿವು ಹಂಗ ಆಗ್ಲಿಲ್ಲ. 2000ದಾಗ ಜಿಕ್ ಅವರ ತಂಡ ಇಂಗ್ಲೆಂಡಿನ ಫ್ಯಾಮಿಲಿ ಡಾಕ್ಟರ್‌ಗಳ ಕಂಪ್ಯೂಟರ್ ರೆಕಾರ್ಡ್ ತಗದು ನೋಡಿತು. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ತಗೊಳ್ಳೋರಿಗೆ ಮರಗುಳಿ ಜಡ್ಡು ಭಾಳ ಕಡಿಮಿ, ಸುಮಾರು 70 ಪರ್ಸೆಂಟ್ ಕಡಿಮಿ ಅಂತ ಬಂತು. ಆದ್ರ 2002ರಾಗ ಪ್ರಾಸ್ಪರ್ ಟ್ರಯಲ್ ಬಂತಲ್ಲ, 70ರಿಂದ 82 ವಯಸ್ಸಿನ ಹಿರ್ಯಾರಿಗೆ ಪ್ರವಸ್ಟಾಟಿನ್ ಅನ್ನೋ ಒಂದು ಸ್ಟ್ಯಾಟಿನ್ ಕೊಟ್ಟು ನೋಡಿದ್ದು, ಅದ್ರಾಗ ನೆನಪಿನ ಶಕ್ತಿಗೆ ಏನೂ ಫರಕು ಕಾಣಲಿಲ್ಲ. ಇಂಥಾ ಫರಕು ಹೆಂಗ ಬರ್ತೈತಿ ಅಂದ್ರ, ಮನಿಯಾಗ ಅಜ್ಜಾ ಆಗಲೇ ಹೆಸರು ಮರೀಲಿಕ್ಕೆ ಹತ್ಯಾನ ಅಂದ್ರ ಡಾಕ್ಟರ್ ಅವನಿಗೆ ಹೊಸಾದಾಗಿ ಸ್ಟ್ಯಾಟಿನ್ ಬರ್ಯೋದು ಕಡಿಮಿ, ನೆಟ್ಟಗ ತಿರಗಾಡ್ಕೋತ ಬಂದು ರಕ್ತ ಚೆಕ್ ಮಾಡಸ್ಕೊಳ್ಳೋ ಅಜ್ಜಗ ಬರೀತಾರ. ಆರೋಗ್ಯ ಮೊದಲ, ಗುಳಿಗಿ ಆಮ್ಯಾಲ, ಲೆಕ್ಕದಾಗ ಮಾತ್ರ ಉಲ್ಟಾ ಕಾಣಸ್ತೈತಿ. ಹುಡುಗ್ರ, ಇದನ್ನ ಚಂದಾಗಿ ತಲಿಯಾಗ ಇಟಗೋರಿ, ಪೇಪರಿನ್ಯಾಗ ಬರೋ ‘ಇದ ತಿಂದ್ರ ಅದ ಬರಂಗಿಲ್ಲ’ ಅನ್ನೋ ಸುದ್ದಿ ಎಷ್ಟೋ ಹಿಂಗ ಇರ್ತಾವ.

ನನಗ ಭಾಳ ಸಂಕಟ ಮಾಡೋದು ಮೂರನೇದು. 1980ರ ಜನವರಿಯಾಗ ಜೇನ್ ಪೋರ್ಟರ್ ಮತ್ತ ಜಿಕ್ ಒಂದು ಜರ್ನಲ್ಲಿಗೆ ಪತ್ರ ಬರದ್ರು, ಬರೇ ಐದು ವಾಕ್ಯ. ದವಾಖಾನಿಯಾಗ ಅಫೀಮಿನ ಜಾತಿ ನೋವಿನ ಔಷಧ ಪಡದ 11,882 ಪೇಶಂಟ್‌ಗಳೊಳಗ ಚಟ ಹತ್ತಿದ್ದು ಪಕ್ಕಾ ದಾಖಲಾಗಿದ್ದು ನಾಕ ಮಂದಿಗೆ, ಅಷ್ಟ. ಅದು ಅಡ್ಮಿಟ್ ಆದವರ ಲೆಕ್ಕ, ನರ್ಸ್ ಕೈಯಿಂದ ಔಷಧ ಪಡದವರ ಲೆಕ್ಕ. ಮನಿಗೆ ಹೋಗಿ ತಿಂಗಳಗಟ್ಲೆ ನುಂಗೋರ ಮಾತು ಅಲ್ಲಿ ಇರಲೇ ಇಲ್ಲ. ಆದ್ರ ಮುಂದ ಇದನ್ನ ಹಿಡ್ಕೊಂಡು ‘ಚಟ ಹತ್ತಂಗಿಲ್ಲ’ ಅಂತ ಹೇಳಿದ್ದ ಹೇಳಿದ್ದು. 2017ರಾಗ ಎಣಿಸಿ ನೋಡಿದ್ರ ಆ ಪತ್ರಾನ 608 ಲೇಖನದಾಗ ಉಲ್ಲೇಖ ಮಾಡಿದ್ರು, ಅದ್ರಾಗ ಹತ್ರಾಗ ಎಂಟು ಲೇಖನ ಇವರು ಅಡ್ಮಿಟ್ ಆದ ಪೇಶಂಟ್ ಅಂತನೂ ಹೇಳಿದ್ದಿಲ್ಲ. ಅಮೆರಿಕಾದಾಗ ಆ ಗುಳಿಗಿಗಳಿಂದ ಎಷ್ಟು ಮನಿ ಹಾಳಾದ್ವು ಅಂತ ನೀವೂ ಓದೀರಿ. ಲೆಕ್ಕ ತಪ್ಪಿದ್ದಿಲ್ಲರಿ, ಯಾರ ಲೆಕ್ಕ ಅನ್ನೋದನ್ನ ಬಿಟ್ಟಬಿಟ್ರು.

ಈಗ ನಮ್ಮ ಊರಿಗೆ ಬರ್ತೀನಿ, ಇದನ್ನ ಹೇಳೂವಾಗ ನನಗ ಎದಿ ಉಬ್ಬತೈತಿ. ಇದೇ ಬೆಳಗಾವಿ ಜಿಲ್ಲಾದ ಹಳ್ಳಿಗಳೊಳಗ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು, ಅಮೆರಿಕಾದವರು ಕೂಡಿ ಮಿಸೊಪ್ರೊಸ್ಟಾಲ್ ಟ್ರಯಲ್ ಮಾಡಿದ್ರು, ಹೆರಿಗಿ ಆದ ಮ್ಯಾಲ ಅತೀ ರಕ್ತ ಹೋಗೋದನ್ನ ತಡಿಯೋ ಗುಳಿಗಿ ಅದು. 1,620 ತಾಯಂದಿರು, 25 ಎಎನ್‌ಎಂ ಅಕ್ಕಾರು, ಅಂದ್ರ ಹಳ್ಳಿಯಾಗ ಹೆರಿಗಿ ಮಾಡಸೋ ನರ್ಸಬಾಯಾರು. ಹೆರಿಗಿ ಆದ ಕೂಡ್ಲೆ ಗುಳಿಗಿ, ಯಾರಿಗೆ ಔಷಧ ಯಾರಿಗೆ ಖಾಲಿ ಅಂತ ಅಕ್ಕಾರಿಗೂ ಗೊತ್ತಿಲ್ಲ. ಮೊದಲೆಲ್ಲಾ ರಕ್ತ ಎಷ್ಟ ಹೋತು ಅಂದ್ರ ಅರಬಿ ನೋಡಿ ‘ಭಾಳ ಹೋತ್ರಿ’ ಅನ್ನೋದಿತ್ತು, ಇಲ್ಲಿ ಬಾಣಂತಿ ಕೆಳಗ ಒಂದು ಪ್ಲಾಸ್ಟಿಕ್ ಹಾಸು ಹಾಕತಿದ್ರು, ಅದರ ತುದಿ ಚೀಲದಂಗ ಇಳಿಬಿದ್ದಿರ್ತೈತಿ, ಮ್ಯಾಲ ಎಂಎಲ್ ಗೆರಿ, ರಕ್ತ ಅದರಾಗ ಇಳದ್ರ ಗೆರಿ ನೋಡಿ ಬರ್ಯೋದು. 2006ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನ್ಯಾಗ ಬಂತು: ಅತೀ ರಕ್ತಸ್ರಾವ 12 ಪರ್ಸೆಂಟ್ ಇದ್ದಿದ್ದು 6.4ಕ್ಕ ಇಳೀತು, ಚಳಿ, ಜ್ವರ ಮಾತ್ರ ಜಾಸ್ತಿ ಆತು, ಅದನ್ನೂ ಮುಚ್ಚಿಡದ ಬರದ್ರು. 2011ರಾಗ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕ ಮಿಸೊಪ್ರೊಸ್ಟಾಲನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸ್ತು. ಗೆರಿ ಇದ್ದ ಹಾಸಿನ ಕೆಲಸಾನ 2023ರಾಗ ಆಫ್ರಿಕಾದ ನಾಕು ದೇಶದಾಗ ಮಾಡಿದ ಇ-ಮೋಟಿವ್ ಟ್ರಯಲ್ ಇನ್ನೂ ಮುಂದ ಒಯ್ತು.

ಇಂಥಾ ಊರಿನ್ಯಾಗ ನಮ್ಮ ದಿನದ ರೆಕಾರ್ಡ್ ಮಾತ್ರ ನೋಡ್ರಿ. ಕಿಡ್ನಿ ತ್ರಾಸ್ ಆಗಿ ಬಂದ ಅಜ್ಜಿಗೆ ‘ಯಾವ ಗುಳಿಗಿ ತಗೊಂತಿದ್ದಿ ಆಯಿ’ ಅಂದ್ರ ಕ್ಯಾರಿಬ್ಯಾಗ್ ಸುರೀತಾಳ. ಅದರಾಗ ಕತ್ತರಿಲೆ ಎರಡೆರಡ ಗುಳಿಗಿಗೆ ಕತ್ತರಿಸಿದ ಸ್ಟ್ರಿಪ್, ಹೆಸರಿನ ಅರ್ಧಾ ಅಕ್ಷರ ಅಂಗಡಿಯಾಗ ಉಳದಾವ, ತಾರೀಖು ಇಲ್ಲ. ‘ಮೊಣಕಾಲಿಗೆ ಬಿಳೇದು, ಹೊಟ್ಟಿಗೆ ಗುಲಾಬಿದು’ ಅಂತಾಳ. ನೋವಿನ ಗುಳಿಗಿ ಎಷ್ಟ ವರ್ಷ ತಿಂದಾಳ, ದಿನಕ್ಕ ಎಷ್ಟ, ಯಾವುದೂ ಕೈಗೆ ಸಿಗಂಗಿಲ್ಲ, ಜೋಡಿ ಡಾಕ್ಟರ್ ಚೀಟಿನೂ ಇರಂಗಿಲ್ಲ. ಆಕಿ ಕಿಡ್ನಿ ಯಾತರಿಂದ ಹಾಳಾತು ಅಂತ ನಾ ಹೆಂಗ ಲೆಕ್ಕ ಹಾಕಲಿ ಹೇಳ್ರಿ?

ಅದಕ್ಕ ಫಾರ್ಮಸಿ ಹುಡುಗ್ರ, ನಾಳೆ ಕೌಂಟರ್‌ನ್ಯಾಗ ನಿಂತಾಗ ಸ್ಟ್ರಿಪ್ ಕತ್ತರಿಸಿ ಕೊಡಬೇಕಾದ್ರ ಹೆಸರು, ಬ್ಯಾಚ್, ತಾರೀಖು ಪಾಕೀಟಿನ ಮ್ಯಾಲ ಬರದು ಕೊಡ್ರಿ. ಆಶಾ ಅಕ್ಕಾರ, ಮನಿ ಭೇಟಿಗೆ ಹೋದಾಗ ಚೀಟಿಗಳನ್ನ ಒಂದ ಕಡೆ ಇಡಾಕ ಹೇಳ್ರಿ, ತಾಯಿ ಕಾರ್ಡ್ ಇಡ್ತಾರಲ್ಲ ಹಂಗ. ಔಷಧ ತಗೊಂಡ ಮ್ಯಾಲ ಮೈಮ್ಯಾಲ ಗಂದಿ ಎದ್ರ, ಮುಖ ಬಾತ್ರ, ಮೊದಲ ಡಾಕ್ಟರ್ ಕಡೆ ಕಳಸ್ರಿ, ಆಮ್ಯಾಲ ರಿಪೋರ್ಟ್ ಮಾಡ್ರಿ. 2010ರಿಂದ ನಮ್ಮ ದೇಶದಾಗ ಇದಕ್ಕಂತನ ಫಾರ್ಮಕೊವಿಜಿಲೆನ್ಸ್ ಪ್ರೋಗ್ರಾಂ ಐತಿ, ಡಾಕ್ಟರೇ ಮಾಡಬೇಕಂತಿಲ್ಲ, ಪೇಶಂಟೂ ಮಾಡಬಹುದು, 1800-180-3024ಕ್ಕ ಫೋನ್ ಹಚ್ಚಿದ್ರ ರೊಕ್ಕ ಬೀಳಂಗಿಲ್ಲ. ನಂಬರ್ ಬರಕೊಂಡ್ರಿ? ಇನ್ನ ನಿಮ್ಮ ಪ್ರಶ್ನೆ ಕೇಳ್ರಿ, ಹಿಂದಿನ ಸಾಲಿನವರು ಮೊದಲ.