ಚಾಂದನಿಗೆ ನೀರಡಿಕಿ ಯಾಕ ಆಗಲಿಲ್ಲ?

ನಮಸ್ಕಾರ್ರೀ. ಈಗ ಮುಂಜಾನೆ ಆರು ಗಂಟಿ. ಹಿಂದ ಕಾಣಸ್ತಾವಲ್ಲ, ಅವು ನಮ್ಮ ಬೀದರ ಪಕ್ಕದ ಅಷ್ಟೂರಿನ ಗುಮ್ಮಟ. ಸೋಯಾ ರಾಶಿ ನಡದದ, ತೊಗರಿ ಹೂ ಬಿಡ್ಲತ್ತದ, ರಾತ್ರಿ ಒಂದ ಮಳಿ ಬಂದು ಹೋಗ್ಯದ. ಗಾಳಿ ಅಂಬೋದಿಲ್ಲ. ಇಂಥಾ ಕುದಿಯೊಳಗ ನಾನೂ ನಮ್ಮ ಕುದ್ರಿ ಚಾಂದನಿನೂ ಇವತ್ತ 40 ಕಿಲೋಮೀಟರ್ ಹೋಗಬೇಕು. 20ರ ಎರಡು ಸುತ್ತು, ನಡುವ ಮುಕ್ಕಾಲು ತಾಸು ದಮ್.

ಎಂಡ್ಯೂರೆನ್ಸ್ ರೈಡಿಂಗ್ ಅಂದ್ರ ಕುದ್ರಿ ಮ್ಯಾಲ ದೂರದ ದಾರಿ ಮುಟ್ಟೋ ಆಟ. ಅದರಾಗ ಮೊದಲ ಮುಟ್ಟಿದ್ರ ಸಾಲಂಗಿಲ್ಲ, ಮುಟ್ಟಿದ ಕುದ್ರಿ ಗಟ್ಟಿ ಇರಬೇಕು. ದೊಡ್ಡ ಸ್ಪರ್ಧಾದಾಗ ಒಂದೇ ದಿನಕ್ಕ 160 ಕಿಲೋಮೀಟರ್ ಇರ್ತದ. ನಡುನಡುವ ಪಶುವೈದ್ಯರು ನಿಲ್ಲಿಸಿ ನೋಡ್ತಾರ. ಎದಿಬಡಿತ ಹೇಳಿದ ವ್ಯಾಳ್ಯಾದೊಳಗ ನಿಮಿಷಕ್ಕ 64ಕ್ಕ ಇಳೀಲಿಲ್ಲಂದ್ರ ಅಲ್ಲಿಗೇ ಮುಗೀತು. ನಮ್ಮದು ಸ್ಪರ್ಧಾ ಅಲ್ಲ, ತಯಾರಿ. ಆದ್ರ ಆ 64ರ ಲೆಕ್ಕ ನಾವೂ ಹಿಡೀತೀವಿ.

ಇದು ಮೊದಲ ಸುತ್ತು ಮುಗಿಸಿ ಬಂದಾಗಿನ ವಿಡಿಯೋ. ಕ್ಯಾಮೆರಾ ಹತ್ತಿರ ತರ್ತೀನಿ, ನೋಡ್ರಿ. ತೊಡಿ ನಡುವ ಬೆಳ್ಳಗ ನೊರಿ. ಕುದ್ರಿ ಬೆವರಿನಾಗ ಲ್ಯಾಥರಿನ್ ಅಂತ ಒಂದು ಪ್ರೋಟೀನ್ ಇರ್ತದ, ಸಬಕಾರದಂಗ ಕೆಲಸ ಮಾಡ್ತದ, ಬೆವರು ಕೂದಲ ತುಂಬ ಹರಡಿ ಬೇಗ ಆರಂಗ ಮಾಡ್ತದ. ಈಗ ಜೀನಿನ ಕೆಳಗಿನ ಬಟ್ಟಿ ನೋಡ್ರಿ. ಅಂಚಿಗೆ ಬಿಳೀ ಗೆರಿ ಮೂಡ್ಯದ. ಬೆರಳಿಗೆ ಹಚ್ಚಿ ನಾಲಗಿಗೆ ಇಟ್ರ ಉಪ್ಪು, ಖರೇ ಉಪ್ಪು. ಒಂದು ಲೀಟರ್ ಬೆವರಿಗೆ ಸುಮಾರು 10 ಗ್ರಾಂ ಲವಣ ಹೊರಗ ಬೀಳ್ತದ: ಹೆಚ್ಚಿನ ಪಾಲು ಕ್ಲೋರೈಡ್, ಆಮ್ಯಾಲ ಸೋಡಿಯಂ, ಪೊಟ್ಯಾಸಿಯಂ, ಚೂರು ಕ್ಯಾಲ್ಸಿಯಂ, ಮೆಗ್ನೀಸಿಯಂ. ಬಿಸಲಾಗ ಜೋರು ಓಡೋ ಕುದ್ರಿ ತಾಸಿಗೆ 10 ಲೀಟರ್ ಬೆವರ್ತದ, ಒಮ್ಮೊಮ್ಮೆ 15. ಲೆಕ್ಕ ನೀವೇ ಹಾಕ್ರಿ. ತಾಸಿಗೆ ನೂರು ಗ್ರಾಂ ಉಪ್ಪು.

ನನ್ನ ತಲಿಯೊಳಗ ಇಳೀಲಿಕ್ಕೆ ಭಾಳ ದಿನ ಹಿಡಿದದ್ದು ಇದರ ಮುಂದಿನ ಮಾತು. ನಮ್ಮ ಬೆವರು ನಮ್ಮ ರಕ್ತಕ್ಕಿಂತ ತೆಳ್ಳಗ. ನಾವು ಬೆವರಿದ್ರ ನೀರು ಹೆಚ್ಚು ಹೋಗ್ತದ, ಉಪ್ಪು ಹಿಂದ ಉಳೀತದ, ರಕ್ತ ಗಟ್ಟಿ ಆಗ್ತದ, ಮಿದುಳು ‘ನೀರು ಕುಡಿ’ ಅಂತದ. ಕುದ್ರಿ ಬೆವರು ಹಂಗಲ್ಲ. ಅದರ ಉಪ್ಪು ರಕ್ತದಷ್ಟೇ, ಇಲ್ಲಾ ಇನ್ನೂ ಜಾಸ್ತಿ. ನೀರೂ ಹೋಗ್ತದ, ಅದರ ಜೋಡಿ ಉಪ್ಪೂ ಹೋಗ್ತದ. ರಕ್ತಕ್ಕ ವ್ಯತ್ಯಾಸನೇ ತಿಳಿಯಂಗಿಲ್ಲ. ಹತ್ತಿಪ್ಪತ್ತು ಲೀಟರ್ ಕಳಕೊಂಡ ಕುದ್ರಿ ಬಕೀಟಿನ ಮುಂದ ನಿಂತು ಮಾರಿ ತಿರುಗಸ್ತದ. ಅದಕ್ಕ ನೀರಡಿಕಿ ಆಗಿರಂಗಿಲ್ಲ. ನೀರು ಸಾಕಾಗ್ಯದ ಅಂತ ನಾವು ತಿಳ್ಕೋತೀವಿ.

ಹೋದ ವರ್ಷ ನಾನೂ ಹಂಗೇ ತಿಳ್ಕೊಂಡೆ. ಅರ್ಧ ದಾರಿಗೆ ಚಾಂದನಿ ಬಕೀಟಿಗೆ ತುಟಿ ಹಚ್ಚಿ ಬಿಟ್ಟಳು. ಇರಲಿ ಅಂತ ಒಂದು ದಪ್ಪ ಸಿರಿಂಜ್ ತುಂಬ ಉಪ್ಪಿನ ಪೇಸ್ಟ್ ಬಾಯಾಗ ಹಾಕಿ, ಜೀನು ಬಿಗಿದು ಹೊರಟೆ. ಗಟ್ಟಿ ಉಪ್ಪು ಒಣ ಹೊಟ್ಟಿಗೆ ಬಿದ್ರ ಮೈಯೊಳಗಿನ ನೀರನ್ನ ಕರುಳಿಗೆ ಎಳಕೋತದ; ಇದ್ದ ನೀರೂ ರಕ್ತದಿಂದ ಹೋಗ್ತದ. ಆರು ಕಿಲೋಮೀಟರ್ ದಾಟಿದ ಮ್ಯಾಲ ಅಕಿ ಹೆಜ್ಜಿ ಸಣ್ಣ ಆಯ್ತು. ಇಳಿದು ಪಕ್ಕಿಗೆ ಕಿವಿ ಹಚ್ಚಿದೆ. ಒಳಗ ಸದ್ದಿಲ್ಲ. ಕುದ್ರಿ ಹೊಟ್ಟಿ ಯಾವಾಗೂ ಗುಡುಗತಿರಬೇಕು, ಸುಮ್ಮಿದ್ರ ಹೆದರಬೇಕು. ಕುದ್ರಿಗೆ ವಾಂತಿನೂ ಬರಂಗಿಲ್ಲ, ಹಾಕಿದ್ದು ಹೊರಗ ತೆಗಿಯೋ ದಾರಿ ಇಲ್ಲ. ಡಾಕ್ಟರ್ ಬಂದು ಮೂಗಿನಿಂದ ನಳಿಗಿ ಇಳಿಸಿ ನೀರು ಕೊಟ್ರು. ಸಂಜೀ ಹೊತ್ತಿಗೆ ಲದ್ದಿ ಹಾಕಿದಳು. ಆ ನಡುವಿನ ನಾಕು ತಾಸು ನಾನು ಅಕಿ ಕುತ್ತಿಗಿ ಬಿಟ್ಟು ಎದ್ದಿಲ್ಲ.

ನಮ್ಮ ಓಣ್ಯಾಗ ಒಬ್ಬ ಕಾಕಾ ಇದ್ದಾರ, ವಯಸ್ಸಿನಾಗ ಟಾಂಗಾ ಹೊಡದವರು. ಮರುದಿನ ಬಂದು, ಮೈಯಾಗ ನೀರು ಕಮ್ಮಿ ಆಗ್ಯದೇನು ಅಂತ ಅಕಿ ಒಸಡು ಒತ್ತಿ ನೋಡಿದ್ರು. ‘ತಮ್ಮಾ, ಮೊದಲ ನೀರು ಕುಡಿಸು, ಆಮ್ಯಾಲ ಉಪ್ಪು ನೆಕ್ಕಿಸು, ಮತ್ತ ನೀರು ಹಿಡಿ. ಉಪ್ಪು ಒಂದೇ ಸಲಕ್ಕ ಬ್ಯಾಡ’ ಅಂದ್ರು. ಡಾಕ್ಟರೂ ಅದನ್ನೇ ಗ್ರಾಂ ಲೆಕ್ಕದಾಗ ಹೇಳಿದ್ರು.

ಈಗ ನಾನು ಮಾಡೋದು ಇಷ್ಟು. ಎರಡು ಪಾಲು ಅಡಿಗಿ ಉಪ್ಪು, ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಒಂದು ಸಲಕ್ಕ 30 ಗ್ರಾಂ, ಅಷ್ಟೇ. ಕುಡಿದ ಮ್ಯಾಲ ಕೊಡ್ತೀನಿ. ಗೋಧಿ ಹೊಟ್ಟು ನೀರಾಗ ಅಂಬಲಿಯಂಗ ಕಲಸಿ ಅದರಾಗ ಹಾಕಿದ್ರ ತಾನೇ ನೆಕ್ಕತಾಳ. ಪೇಸ್ಟ್ ಹಾಕಬೇಕಾದ್ರೂ ಬರೀ ಉಪ್ಪು ಬಾಯಿಗೆ ತುರುಕಂಗಿಲ್ಲ, ಹೊಟ್ಟಿಯೊಳಗ ಹುಣ್ಣಿದ್ರ ಉರೀತದ. ಉಪ್ಪು ಹಾಕಿದ ಬಕೀಟಿನ ಪಕ್ಕ ಸಾದಾ ನೀರಿನ ಬಕೀಟು ಇರಲೇಬೇಕು. ನಿಮ್ಮ ಕುದ್ರಿಗೆ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳ್ರಿ. ತೂಕ, ಬಿಸಲು, ದಾರಿ ನೋಡಿ ಅದು ಬದಲಾಗ್ತದ.

ಭಾಳ ಮಂದಿ ‘ಓಆರ್‌ಎಸ್ ಹಾಕ್ರಿ’ ಅಂತಾರ. ಮನುಷ್ಯರ ಆ ಪುಡಿ ಒಂದು ಲೀಟರ್ ನೀರಿಗೆ 20.5 ಗ್ರಾಂ. ಅದರಾಗ 13.5 ಗ್ರಾಂ ಗ್ಲೂಕೋಸ್, ಅಡಿಗಿ ಉಪ್ಪು ಬರೇ 2.6. ಕೂಸಿನ ಭೇದಿಗೆ ಅದು ಅಮೃತ. ತಾಸಿಗೆ ನೂರು ಗ್ರಾಂ ಕಳಕೊಳ್ಳೋ ಕುದ್ರಿಗೆ ಅದು ಯಾತಕ್ಕೂ ಸಾಲಂಗಿಲ್ಲ. ಇನ್ನ ಅಡಿಗಿ ಸೋಡಾ ಹಾಕೋರು ಇದ್ದಾರ, ಅದಂತೂ ಬ್ಯಾಡೇ ಬ್ಯಾಡ. ಬೆವರಿನಾಗ ಕ್ಲೋರೈಡ್ ಹೋದ ಕುದ್ರಿ ರಕ್ತ ಮೊದಲೇ ಕ್ಷಾರದ ಕಡೆ ವಾಲಿರ್ತದ, ಸೋಡಾ ಅದನ್ನ ಇನ್ನೂ ದೂಡ್ತದ. ಕ್ಯಾಲ್ಸಿಯಂ ಕಮ್ಮಿಯಾದ್ರ ಎದಿ ಬಡದಂಗೆಲ್ಲ ಪಕ್ಕಿನೂ ಬಿಕ್ಕಳಿಕಿ ಬಂದಂಗ ಜಗ್ಗತದ. ಅದು ಕಂಡ ಕೂಡಲೇ ಇಳೀರಿ, ಡಾಕ್ಟರನ್ನ ಕರೀರಿ.

ಇನ್ನೊಂದು. ಕುದ್ರಿಯ ದೊಡ್ಡ ಕರುಳು ಒಂದು ಕೆರಿ ಇದ್ದಂಗ. ಹಿಂದಿನ ದಿನ ಹೊಟ್ಟಿ ತುಂಬ ಒಣ ಹುಲ್ಲು ತಿಂದಿದ್ರ ನೀರೂ ಲವಣವೂ ಅಲ್ಲಿ ತುಂಬಿರ್ತಾವ. ಹುಲ್ಲಿನಾಗ ಪೊಟ್ಯಾಸಿಯಂ ಬೇಕಾದಷ್ಟದ, ಸೋಡಿಯಂ ಮಾತ್ರ ಭಾಳ ಕಮ್ಮಿ. ಹಂಗಾಗಿ ದಿನಾ ಉಪ್ಪಿನ ಹರಳು ಗ್ವಾದಲ್ಯಾಗ ಇರಬೇಕು. ಐದುನೂರು ವರ್ಷದ ಹಿಂದ ರಷ್ಯಾದಿಂದ ಬಂದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಕುದ್ರಿ ಮಾರಿದ್ದು ಇದೇ ಬೀದರದಾಗ. ಈ ದೇಶದಾಗ ಕುದ್ರಿಗೆ ಕಾಳು ತಿನ್ನಸ್ತಾರ, ಸಕ್ಕರಿ ಹಾಕಿ ಖಿಚಡಿ ಬೇಯಿಸಿ ಕೊಡ್ತಾರ ಅಂತ ಬರದಿಟ್ಟಾನ. ಅಷ್ಟು ಮುದ್ದಿನಿಂದ ಕುದ್ರಿ ಸಾಕಿದ ಊರು ನಮ್ಮದು. ನೀರಿನ ಲೆಕ್ಕನೂ ಅಷ್ಟೇ ಮುದ್ದಿನಿಂದ ಹಿಡಿಯೋಣ ಅನಸ್ತದ ನನಗ.

ಬರ್ರಿ, ಎರಡನೇ ಸುತ್ತಿಗೆ ಮೊದಲ. ಹೆಗಲ ಮ್ಯಾಲಿನ ಚರ್ಮ ಚಿವುಟಿ ಬಿಟ್ಟೆ, ಕೂಡಲೇ ಕೂತ್ತು. ಒಸಡು ಒತ್ತಿದೆ, ಬೆಳ್ಳಗಾಗಿ ಎರಡು ಎಣಸೋದ್ರಾಗ ಕೆಂಪು ತಿರುಗಿತು. ಮೈಮ್ಯಾಲ ತಣ್ಣೀರು ಸುರುವಿದೆ. ಅಂಬಲಿ ನೆಕ್ಕಿದಳು. ಮೂರು ನಿಮಿಷ ಸುಮ್ಮ ನಿಂತೆವು, ಇಬ್ಬರೂ.

ಈಗ ಆವಾಜ್ ಜಾಸ್ತಿ ಮಾಡ್ಕೋರಿ. ಮೂತಿ ಬಕೀಟಿನೊಳಗ ಹೋಯ್ತು. ಕಿವಿ ನೋಡ್ರಿ, ಒಂದೊಂದು ಗುಟುಕಿಗೂ ಹಿಂದಮುಂದ ಅಲಗ್ತಾವ. ಎಣಿಸಿದೆ. ನಲವತ್ತೊಂದು. ಇನ್ನೊಂದು ಬಕೀಟು ತರ್ಲಿಕ್ಕೆ ಓಡಿದೆ.